ಕೆಂಪಾದ ಪೆಟ್ಟಿಗೆ ಎರಡನೇ ಸಲ ಹೋಗುವುದಿಲ್ಲ

ಬ್ಯಾಡಗಿಯ ಗೋಣೆಪ್ಪ ಸಾಹುಕಾರರ ಗೋದಾಮಿನಲ್ಲಿ ಗುತ್ತೆವ್ವನ ಕೈ ದಾಟದೆ ಖಾರದ ಪುಡಿಯ ಒಂದು ಪೆಟ್ಟಿಗೆಯೂ ಲಾರಿ ಹತ್ತುತ್ತಿರಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಅವಳದು ಒಂದೇ ಕೆಲಸ. ಪರದೇಶಕ್ಕೆ ಹೋಗುವ ಪುಡಿಗೆ ಹುಳು, ಬೂಷ್ಟು ಹಿಡಿಯದಿರಲಿ ಎಂದು ಪೆಟ್ಟಿಗೆಗಳನ್ನು ದೂರದ ಊರಿನ ಘಟಕಕ್ಕೆ ಕಳಿಸಿ ವಿಕಿರಣ ಕೊಡಿಸುತ್ತಾರೆ. ಗೋದಾಮಿನ ಹೆಂಗಸರ ಬಾಯಲ್ಲಿ ಅದು ‘ಲೈಟ್ ಹೊಡಸೂದು’. ಹೋಗುವ ಮೊದಲು ಪ್ರತಿ ಪೆಟ್ಟಿಗೆಗೂ ಎಂಟಾಣೆಯ ಅಗಲದ ಹಳದಿ ಸ್ಟಿಕ್ಕರ್ ಅಂಟಿಸಬೇಕು. ಲೈಟು ತಗುಲಿದ ಪೆಟ್ಟಿಗೆಯ ಸ್ಟಿಕ್ಕರ್ ಕೆಂಪಾಗಿ ಬರುತ್ತದೆ. ತಗುಲದ್ದು ಹಳದಿಯಾಗಿಯೇ ಬರುತ್ತದೆ. ಅಂಟಿಸುವವಳೂ ಗುತ್ತೆವ್ವ, ಬಂದಮೇಲೆ ನೋಡುವವಳೂ ಗುತ್ತೆವ್ವ.

ಇದಕ್ಕೆ ಸರಕಾರದ ಒಂದು ನಿಯಮವಿದೆ. ಒಮ್ಮೆ ಕೆಂಪಾದ ಪೆಟ್ಟಿಗೆಯನ್ನು ಎರಡನೇ ಸಲ ಲೈಟಿಗೆ ಕಳಿಸಬಾರದು. ಸರಕಾರದ ಉಳಿದ ಯಾವ ನಿಯಮದ ಬಗ್ಗೆಯೂ ಗುತ್ತೆವ್ವನಿಗೆ ಗೌರವವಿರಲಿಲ್ಲ. ಇದೊಂದನ್ನು ಮಾತ್ರ ಅವಳು ಮನೆದೇವರಿಗಿಂತ ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದಳು. ಒಂದು ಮಳೆಗಾಲ, ಲೈಟು ಕಂಡು ಬಂದ ನಲವತ್ತು ಪೆಟ್ಟಿಗೆಗೆ ತೇವ ಹಿಡಿದಾಗ, ಕೆಂಪು ಸ್ಟಿಕ್ಕರ್ ಕಿತ್ತು ಹಳದಿ ಹಚ್ಚಿ ಮತ್ತೆ ಕಳಿಸೋಣವೆಂದು ಗೋಣೆಪ್ಪನವರು ಮೆಲ್ಲಗೆ ಹೇಳಿದರು. ಗುತ್ತೆವ್ವ ಆ ಪೆಟ್ಟಿಗೆಗಳ ಮೇಲೆ ಹತ್ತಿ ಕುಳಿತಳು. ಮಧ್ಯಾಹ್ನದ ಊಟವನ್ನೂ ಅಲ್ಲಿಯೇ ತರಿಸಿಕೊಂಡಳು.

“ಮಾಲು ನಂದೈತಿ, ಗುತ್ತೆವ್ವಾ,” ಎಂದರು ಗೋಣೆಪ್ಪನವರು.

“ಮಾಲು ನಿಮ್ದ ರಿ, ಸಾವ್ಕಾರ್ರ. ಕೆಂಪು ನಂದು.”

ಲಾರಿ ಖಾಲಿ ಹೋಯಿತು. ಅಂದಿನಿಂದ ಆ ಗೋದಾಮಿನಲ್ಲಿ ಕೆಂಪು ಅವಳದೇ.

ಅವಳ ಗಂಡ ಸೋಮಪ್ಪ ಹಾವೇರಿ ಡಿಪೋದಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಕೈಯಲ್ಲಿ ಟಿಕೆಟ್ ಇಲ್ಲದೆ ಕೂರುವುದು ಆಗದೆ ಒಂದು ಲ್ಯಾಮಿನೇಶನ್ ಯಂತ್ರ ತಂದಿಟ್ಟುಕೊಂಡಿದ್ದ. ರೇಷನ್ ಕಾರ್ಡ್, ಕರೆಂಟ್ ಬಿಲ್ಲು, ಬೀಗರ ಮನೆಯ ಲಗ್ನಪತ್ರಿಕೆ, ಔಷಧಿ ಚೀಟಿ ಎಲ್ಲವೂ ಆ ಯಂತ್ರದೊಳಗೆ ಹಾದು ಹೊಳೆಯುತ್ತಿದ್ದವು. ಔಷಧಿ ಚೀಟಿಯ ಮೇಲೆ ಏನನ್ನೂ ಬರೆಯಲಾಗದೆ ಔಷಧಿ ಅಂಗಡಿಯವನು ಬೈಯುತ್ತಿದ್ದ. “ಪ್ಲಾಸ್ಟಿಕ್ ಹೊಕ್ಕಿದ್ದು ಸಾಯಂಗಿಲ್ಲ” ಎಂಬುದು ಸೋಮಪ್ಪನ ನಂಬಿಕೆ.

ಹೋದ ಫೆಬ್ರವರಿ, ಸುಗ್ಗಿಯ ಮೆಣಸಿನಕಾಯಿ ಊರೆಲ್ಲ ಕೆಂಪು ಹಾಸಿದ್ದ ದಿನಗಳಲ್ಲಿ, ಗುತ್ತೆವ್ವನಿಗೆ ಎದೆ ಹಿಡಿದುಕೊಂಡಿತು. ಯಾರೂ ಗಮನಿಸಲಿಲ್ಲ. ಆ ಗೋದಾಮಿನಲ್ಲಿ ಎಲ್ಲರೂ ಕೆಮ್ಮುತ್ತಾರೆ, ಎಲ್ಲರೂ ಬೆವರುತ್ತಾರೆ, ಎಲ್ಲರ ಕಣ್ಣಲ್ಲೂ ನೀರು. ಅಲ್ಲಿ ಎದೆನೋವಿನವರನ್ನು ಆರಿಸುವುದು ಖಾರದಲ್ಲಿ ಕುಂಕುಮ ಆರಿಸಿದಂತೆ. ಮೂರನೆಯ ದಿನ ದವಡೆಗೂ ನೋವು ಬಂದಾಗ ಸೋಮಪ್ಪ ಅವಳನ್ನು ರಾಣೆಬೆನ್ನೂರಿನ ಹೃದಯದ ಆಸ್ಪತ್ರೆಗೆ ಕರೆದೊಯ್ದ. ಬಸ್ಸಿನಲ್ಲಿ ಕರೆದೊಯ್ದ, ಪಾಸ್ ಇತ್ತಲ್ಲ. ದಾರಿಯಲ್ಲಿ ಕಂಡಕ್ಟರ್ ಚಿಲ್ಲರೆ ಕೊಡುವ ರೀತಿಯನ್ನೂ ತಿದ್ದಿದ.

ಹೃದಯದ ಡಾಕ್ಟರು ಅರುಣಾ ಎಂಬ ನಲವತ್ತರ ಹೆಂಗಸು. ಆಂಜಿಯೋಗ್ರಾಂ ಮಾಡಿ ಎರಡು ನಾಳ ಕಟ್ಟಿವೆ ಎಂದರು. ಒಂದು ಪೂರ್ತಿ ಮುಚ್ಚಿ ಗಟ್ಟಿಯಾಗಿದೆ, ಅದನ್ನು ಈಗಲೇ ತೆರೆದು ಸ್ಪ್ರಿಂಗ್ ಹಾಕುವುದು. ಇನ್ನೊಂದನ್ನು ಒಂದೂವರೆ ತಿಂಗಳ ಮೇಲೆ.

ಗುತ್ತೆವ್ವ ಎಚ್ಚರವಾಗಿಯೇ ಮಂಚದ ಮೇಲೆ ಮಲಗಿದ್ದಳು. ದೊಡ್ಡ ಕಬ್ಬಿಣದ ತೋಳೊಂದು ಅವಳ ಸುತ್ತ ತಿರುಗಿ ಒಂದು ಕಡೆ ನಿಂತಿತು. ಯಂತ್ರ ನಡೆಸುವ ತೌಹೀದ ಎಂಬವನು, ಡಾಕ್ಟರು, ನರ್ಸು ಎಲ್ಲರೂ ಎತ್ತಿಗೆ ಹೊದಿಸುವ ಜೂಲಿನಂಥ ದಪ್ಪ ಅಂಗಿ ತೊಟ್ಟಿದ್ದರು.

“ಏ ತಮ್ಮಾ, ಇದೇನ್ ಅಂಗೀನೋ?”

“ಸೀಸದ್ದರಿ ಅಮ್ಮಾರ. ಲೈಟ್ ತಾಗಬಾರದಂತ.”

ಗುತ್ತೆವ್ವನ ಕಿವಿ ನಿಮಿರಿದವು. “ಲೈಟಾ? ಮತ್ತ ನನಗೆಲ್ಲೈತಿ ಅಂಗಿ?”

“ನಾವು ದಿನಾ ಇಲ್ಲೇ ನಿಂದ್ರತೇವಲ್ರಿ, ನಮಗ ಬೇಕು. ನಿಮಗೇನು, ಒಂದ್ ಸಲದ್ದು.”

“ಒಂದ ಸಲ?”

“ಒಂದ ಸಲ ರಿ. ಅಲುಗಾಡಬ್ಯಾಡ್ರಿ.”

“ಸ್ಟಿಕ್ಕರ್ ಎಲ್ಲೆ ಹಚ್ಚೀರಿ?”

“ಯಾವ ಸ್ಟಿಕ್ಕರ್ ರಿ?”

“ಅದಿಲ್ಲದ ಲೈಟ್ ತಗಲೇತೋ ಇಲ್ಲೋ ಹೆಂಗ ಗೊತ್ತಾಗತೈತಿ ನಿಮಗ?”

“ಮಷೀನು ಲೆಕ್ಕ ಇಡತೈತ್ರಿ, ಅಮ್ಮಾರ. ಮಾತು ಸಾಕು, ಡಾಕ್ಟರ್ ಬೈತಾರ.”

ನಾಳ ಹಠಮಾರಿಯಾಗಿತ್ತು. ಮೂರು ತಾಸು ಹಿಡಿಯಿತು. ಸ್ಪ್ರಿಂಗ್ ಕೂತಿತು, ನೋವು ಇಳಿಯಿತು. ಬಿಡುಗಡೆಯ ದಿನ ಎರಡು ಹಾಳೆ ಕೊಟ್ಟು, “ಇದನ್ನ ಓದಿಕೋರಿ” ಎಂದು ನರ್ಸು ಹೇಳಿದಳು. ಸೋಮಪ್ಪ ಮನೆಗೆ ಬಂದವನೇ ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಯಂತ್ರಕ್ಕೆ ಕೊಟ್ಟ. ಹೊರಗೆ ಬಂದದ್ದು ಹೊಳೆಯುವ ಒಂದೇ ಗಟ್ಟಿ ಹಾಳೆ. ಒಳಮುಖದಲ್ಲಿ ಏನು ಬರೆದಿತ್ತು ಎಂಬುದು ಅಂದಿಗೆ ಲೋಕಕ್ಕೆ ಮರೆಯಾಯಿತು.

ಹದಿನೈದು ದಿನಕ್ಕೇ ಗುತ್ತೆವ್ವ ಗೋದಾಮಿಗೆ ಹಾಜರಾದಳು. ಖಾರದ ಕೆಲಸದ ಹೆಂಗಸರು ಸಂಜೆ ಮನೆಗೆ ಹೋಗುವ ಮುಂಚೆ ಗೋದಾಮಿನ ಹಿಂದಿನ ಬಚ್ಚಲಲ್ಲಿ ಒಬ್ಬರ ಬೆನ್ನು ಒಬ್ಬರು ತೊಳೆಯುತ್ತಾರೆ. ಖಾರದ ಕೈಯನ್ನು ಹಾಗೆಯೇ ಮೈಗೆ ತಾಕಿಸುವಂತಿಲ್ಲ, ಅಂಗೈಗೆ ಮಜ್ಜಿಗೆ ಸವರಿಕೊಂಡೇ ಮುಟ್ಟಬೇಕು. ಗುತ್ತೆವ್ವನ ಬೆನ್ನು ಯಾವತ್ತೂ ಜರೀನಾಳ ಪಾಲು. ಪೆಟ್ಟಿಗೆಗೆ ಟೇಪು ಸುತ್ತುವ ಜರೀನಾ ಅವಳಿಗಿಂತ ಹತ್ತು ವರ್ಷ ಚಿಕ್ಕವಳು. ಆಸ್ಪತ್ರೆಯಿಂದ ಬಂದ ಮೂರನೆಯ ವಾರ ಒಂದು ಸಂಜೆ ಅವಳ ಮಜ್ಜಿಗೆಯ ಕೈ ನಡುವೆ ನಿಂತಿತು.

“ಅಕ್ಕಾ, ಯಾ ಅಲ್ಲಾ! ಇದೇನಿದು ಬೆನ್ನಾಗ?”

“ಏನೈತಿ? ಎರಡ ದಿನಾತು ತಿಂಡಿ ಬಿಟ್ಟೈತಿ, ಬರೇ ಕೆರಸೂದ.”

“ಕೆಂಪಗ ಐತಿ. ಬಲಗಡೆ, ಹೆಗಲ ಎಲುವಿನ ಕೆಳಗ. ಚೌಕ ಐತಿ ಅಕ್ಕಾ. ನಾಕೂ ಮೂಲಿ ಬರಾಬರಿ, ಗೆರಿ ಹೊಡದಂಗ.”

ಬೆನ್ನಿನ ಮೇಲಿನ ಚೌಕದ ಸುದ್ದಿ ಓಣಿಗೆ ಹಬ್ಬಲು ಒಂದು ದಿನ ಸಾಕಾಯಿತು. ಪಕ್ಕದ ಮನೆಯ ಹೊಳಿಯವ್ವ ಅದನ್ನು ಸರ್ಪಸುತ್ತು ಎಂದು ತೀರ್ಮಾನಿಸಿ ಕೆಮ್ಮಣ್ಣು ಕಲಸಿಕೊಂಡೇ ಬಂದಳು.

“ಹಾವು ಚೌಕಟ್ಟ ಹಾಕ್ಕೊಂಡ ಮಲಗತೈತೇನ ಹೊಳಿಯವ್ವಾ? ಒಯ್ಯಿ ನಿನ್ನ ಮಣ್ಣ,” ಎಂದಳು ಗುತ್ತೆವ್ವ.

ಸೋಮಪ್ಪನ ಪ್ರಕಾರ ಅದು ಬಸ್ಸಿನ ಸೀಟಿನ ರೆಕ್ಸಿನ್ ಬೆವರಿಗೆ ಅಂಟಿದ್ದು. ತಾನು ಮೂವತ್ತು ವರ್ಷ ನಿಂತೇ ಇದ್ದುದರಿಂದ ಪಾರಾದೆ ಎಂದ. ಕೊನೆಗೆ ಹಾವೇರಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದ್ದಾಯಿತು. ಅವರ ಬಾಗಿಲಲ್ಲಿ ಎಪ್ಪತ್ತು ಜನ ಕಾದಿದ್ದರು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ.

“ಏನ ಕೆಲಸ ಮಾಡ್ತೀರಿ?”

“ಖಾರದ ಗೋದಾಮಿನಾಗರಿ.”

“ಹಂಗಾದ್ರ ಖಾರದ್ದ ಇದು.”

“ನಾ ಬೆನ್ನಲೆ ಮೆಣಸಿನಕಾಯಿ ಆರಸಂಗಿಲ್ರಿ.”

ಡಾಕ್ಟರು ಅಷ್ಟರಲ್ಲಿ ಮುಲಾಮು ಬರೆದು ಮುಂದಿನವರನ್ನು ಕರೆದಿದ್ದರು. ಹೃದಯದ ಮಾತು ಅವರು ಕೇಳಲಿಲ್ಲ. ಬೆನ್ನಿಗೂ ಹೃದಯಕ್ಕೂ ಸಂಬಂಧವಿದೆಯೆಂದು ಗುತ್ತೆವ್ವನಿಗೂ ಹೊಳೆಯಲಿಲ್ಲ. ಸೋಮಪ್ಪ ಮಾತ್ರ ಚೀಟಿಯನ್ನು ಪ್ಲಾಸ್ಟಿಕ್ಕಿಗೆ ಹಾಕಿದ.

ಹೊಳೆದದ್ದು ಮರುದಿನ, ಲಾರಿ ಬಂದಾಗ. ಘಟಕದಿಂದ ತಿರುಗಿ ಬಂದ ಪೆಟ್ಟಿಗೆಗಳ ಸಾಲಿನೆದುರು ನಿಂತು, ಕೆಂಪು, ಕೆಂಪು, ಕೆಂಪು ಎಂದು ಎಣಿಸುತ್ತಿದ್ದ ಗುತ್ತೆವ್ವ ಹದಿನೇಳನೆಯದರ ಹತ್ತಿರ ನಿಂತುಬಿಟ್ಟಳು. ಜರೀನಾಳನ್ನು ಬಚ್ಚಲಿಗೆ ಎಳೆದೊಯ್ದು, ಕಿತ್ತ ಕೆಂಪು ಸ್ಟಿಕ್ಕರ್ ಒಂದನ್ನು ಅವಳ ಕೈಗಿತ್ತು ಬೆನ್ನು ತಿರುಗಿಸಿದಳು.

“ಪಕ್ಕಕ್ಕ ಹಿಡದ ನೋಡು. ಅದ ಬಣ್ಣ ಹೌದಲ್ಲೋ?”

“ಅದ ಐತಿ ಅಕ್ಕಾ. ತುಸು ಕಂದಿಗಿ ಹೊಳ್ಳೇತಿ.”

“ಕಂದಿಗಿ ಹೊಳ್ಳೇತಿ ಅಂದ್ರ ಚೊಲೋತಂಗ ತಗಲೇತಿ.” ಗುತ್ತೆವ್ವ ಕುಪ್ಪಸದ ಗುಂಡಿ ಹಾಕಿಕೊಂಡಳು. ಅವಳ ಮುಖದಲ್ಲಿ ಭಯವಿರಲಿಲ್ಲ, ಲೆಕ್ಕ ಸಿಕ್ಕವರ ಸಮಾಧಾನವಿತ್ತು. “ಆ ತೌಹೀದ ತಾನ ಹೇಳಿದ್ದ, ಒಂದ ಸಲ ಅಂತ. ನಾ ಕೆಂಪಾಗೇನಿ ಜರೀನಾ. ಇನ್ನ ಲೈಟಿಗೆ ಹೋಗಂಗಿಲ್ಲ.”

ಊರಿನಲ್ಲಿ ಉಳಿದವರೆಲ್ಲ ತಪ್ಪು ಹೇಳಿದ್ದರು, ಹಾವೇರಿಯ ಡಾಕ್ಟರರನ್ನೂ ಸೇರಿಸಿ. ರೋಗ ಸರಿಯಾಗಿ ಹಿಡಿದವಳು ಇವಳೊಬ್ಬಳೇ. ಆದರೆ ಹಿಡಿದದ್ದರಿಂದ ಅವಳು ತೆಗೆದ ತೀರ್ಮಾನ ಅವಳನ್ನು ಕೊಲ್ಲುವಂಥದಾಗಿತ್ತು. ಎರಡನೆಯ ನಾಳ ನೂರಕ್ಕೆ ತೊಂಬತ್ತು ಮುಚ್ಚಿದೆ, ತಡಮಾಡಿದರೆ ಜೀವದ ಖಾತ್ರಿ ಇಲ್ಲ ಎಂದು ಅರುಣಾ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಗೋದಾಮಿಗೆ ಮೂರೇ ಮೆಟ್ಟಿಲು. ಗುತ್ತೆವ್ವ ಎರಡನೆಯದರ ಮೇಲೆ ನಿಂತು ಕಂಬ ಹಿಡಿದು, ಯಾರಾದರೂ ನೋಡಿದರೆ ಸ್ಟಿಕ್ಕರಿನ ಸುರುಳಿ ಬಿಚ್ಚುತ್ತಿರುವಂತೆ ನಟಿಸುತ್ತಿದ್ದಳು. ದಿನಕ್ಕೊಂದು ಸುರುಳಿ ಸುಮ್ಮನೆ ಬಿಚ್ಚಿ ಹಾಳಾಗತೊಡಗಿತು.

ಎರಡನೆಯ ತಾರೀಖು ಹತ್ತಿರ ಬಂದಾಗ ಸೋಮಪ್ಪ ಬೇಡಿಕೊಂಡ.

“ನೀ ಏನ ಖಾರದ ಪೆಟ್ಟಿಗಿ ಏನ? ಮನಷ್ಯಾಳು ನೀ.”

“ಪೆಟ್ಟಿಗೀಗೆ ಇರೂವಷ್ಟ ಕಾಯಿದೆ ಮನಷ್ಯಾರಿಗೆ ಇರಂಗಿಲ್ಲೇನ್ರಿ? ಪುಡಿಗೆ ಎರಡನೇ ಸಲ ಬ್ಯಾಡ ಅಂತ ಸರಕಾರ ಹೇಳತೈತಿ. ನಾ ಪುಡಿಗಿಂತ ಕಡಿಮಿ ಏನು?”

“ಎದೀ ನೋವಿನಿಂದ ಸತ್ತಗಿತ್ತಿ ಅಂದ್ರ?”

“ಸತ್ತರ ನಿಮ್ಮ ಮಷೀನಿನಾಗ ಹಾಕ್ರಿ. ಪ್ಲಾಸ್ಟಿಕ್ ಹೊಕ್ಕಿದ್ದು ಸಾಯಂಗಿಲ್ಲಂತಲ್ಲ.”

ಸೋಮಪ್ಪ ಗೋದಾಮಿಗೆ ಹೋಗಿ ಗೋಣೆಪ್ಪನವರಿಂದ ಹೇಳಿಸಲು ನೋಡಿದ. “ಆ ಹೆಣ್ಣಮಗಳಿಗೆ ಕೆಂಪಿನ ವಿಷಯ ನಾ ಹೇಳಲೇನಪ್ಪಾ? ನನ್ನ ಲಾರೀನ ಖಾಲಿ ಕಳಿಸ್ಯಾಳ,” ಎಂದು ಗೋಣೆಪ್ಪನವರು ಕೈಮುಗಿದರು.

ಗಂಟು ಬಿಚ್ಚಿದವಳು ಜರೀನಾ. ಕಾಯಿದೆಗೆ ಎದುರಾಡಿದರೆ ಗುತ್ತೆವ್ವ ಕೇಳುವವಳಲ್ಲ ಎಂದು ಅವಳಿಗೆ ಗೊತ್ತಿತ್ತು. ಟೇಪು ಸುತ್ತುತ್ತ, ತಲೆ ಎತ್ತದೆ ಕೇಳಿದಳು.

“ಅಕ್ಕಾ, ಕೆಂಪಾದ ಪೆಟ್ಟಿಗಿ ನಂಬರ ಮತ್ತ ಘಟಕದ ಪಟ್ಟಿಯೊಳಗ ಬಂತಂದ್ರ ನೀ ಏನ ಮಾಡತಿ?”

“ಏನ ಮಾಡೂದು? ಪೆಟ್ಟಿಗಿ ತೋರಿಸಿ ಪಟ್ಟಿಯಾಗಿನ ನಂಬರ ಹೊಡದ ಹಾಕಸತೇನಿ. ಶೆರಾದಾಗ ಕಾರಣ ಬರಸತೇನಿ.”

“ನಿನ್ನ ಹೆಸರು ರಾಣೆಬೆನ್ನೂರ ಪಟ್ಟಿಯೊಳಗ ಹಂಗ ಐತಿ. ಕಾರಣ ಬರಸಿ ಬಂದೀಯೇನ?”

ಗುತ್ತೆವ್ವನ ಕೈ ನಿಂತಿತು. ಹತ್ತೊಂಬತ್ತು ವರ್ಷದಲ್ಲಿ ಅವಳ ಪುಸ್ತಕದ ಶೆರಾ ಕಾಲಂ ಖಾಲಿ ಉಳಿದದ್ದೇ ಇಲ್ಲ.

“ಇಲ್ಲ,” ಎಂದಳು.

“ಸುಮ್ಮನ ಗೈರ ಅಂತ ಬರಕೋತಾರ. ಅಂಜಿ ಬರಲಿಲ್ಲ ಅಂತಾರ.”

ಮರುದಿನ ಬೆಳಿಗ್ಗೆ ಗುತ್ತೆವ್ವ ಸ್ಟಿಕ್ಕರಿನ ಸುರುಳಿ, ಪೆಟ್ಟಿಗೆಗೆ ಗುರುತು ಹಾಕುವ ದಪ್ಪ ಪೆನ್ನು, ತನ್ನ ಪುಸ್ತಕ ಹಿಡಿದು ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಜರೀನಾ ಜೊತೆಗೆ. ಸೋಮಪ್ಪ ಲ್ಯಾಮಿನೇಶನ್ನಿನ ಕಟ್ಟು ಹೊತ್ತು ಹಿಂದೆ.

“ದವಾಖಾನಿಗೆ ಸೇರಸ್ಕೋರಿ ಅನ್ನಾಕ ಬಂದಿಲ್ರಿ, ಡಾಕ್ಟರ,” ಎಂದಳು ಗುತ್ತೆವ್ವ ನಿಂತುಕೊಂಡೇ. “ಪಟ್ಟಿಯಾಗಿನ ನನ್ನ ನಂಬರ ಹೊಡದ ಹಾಕಸಾಕ ಬಂದೇನಿ. ನಂದು ಒಮ್ಮೆ ಲೈಟ್ ಆಗೇತಿ. ಕೆಂಪಾಗೇನಿ. ತೋರಸ ಜರೀನಾ.”

ಜರೀನಾ ಸೆರಗು ಸರಿಸಿದಳು. ಅರುಣಾ ಡಾಕ್ಟರು ನಗುತ್ತಲೇ ಎದ್ದವರು, ಬೆನ್ನು ಕಂಡು ನಗುವುದನ್ನು ಬಿಟ್ಟರು. ಕೈಯುಗುರಿನ ಹಿಂಬದಿಯಿಂದ ಚೌಕದ ಅಂಚನ್ನು ಮೆಲ್ಲಗೆ ಮುಟ್ಟಿದರು.

“ಇದು ಯಾವಾಗ ಬಂತು? ಯಾಕ ಹೇಳಲಿಲ್ಲ? ಹಾಳಿಯೊಳಗ ಬರದು ಕೊಟ್ಟಿದ್ವಲ್ಲ, ಬೆನ್ನ ಮ್ಯಾಲೆ ಕಲೆ ಬಂದ್ರ ತಿಳಸ್ರಿ ಅಂತ?”

“ಅಂಥಾದ್ದೇನೂ ಇಲ್ರಿ ಅದರಾಗ,” ಎಂದು ಸೋಮಪ್ಪ ಹೊಳೆಯುವ ಹಾಳೆಯನ್ನು ಮುಂದಿಟ್ಟ. ಡಾಕ್ಟರು ಅದನ್ನು ಹಿಂದೆ ಮುಂದೆ ತಿರುಗಿಸಿದರು. ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಕತ್ತರಿ ತರಿಸಿದರು.

“ಡಾಕ್ಟರ, ಅದನ್ನ ಕತ್ತರಸಬ್ಯಾಡ್ರಿ!” ಸೋಮಪ್ಪ ಎರಡೂ ಕೈ ಚಾಚಿದ. ಹೆಂಡತಿಯ ಎದೆಯೊಳಗೆ ತಂತಿ ಹಾಕಿದ ದಿನವೂ ಅವನು ಅಷ್ಟು ನೊಂದಿರಲಿಲ್ಲ.

ಕತ್ತರಿಸಿ ಸೀಳಿದ ಹಾಳೆಯ ಒಳಮುಖದಲ್ಲಿ ಅಚ್ಚ ಕನ್ನಡದಲ್ಲಿ ಬರೆದಿತ್ತು. ಚಿಕಿತ್ಸೆಗೆ ಹೆಚ್ಚು ಹೊತ್ತು ಹಿಡಿದಿದ್ದರಿಂದ ಹೆಚ್ಚು ಎಕ್ಸ್‌ರೇ ತಗುಲಿದೆ, ಎರಡು ಮೂರು ವಾರದಲ್ಲಿ ಬೆನ್ನು ನೋಡಿಕೊಳ್ಳಿ, ಕೆಂಪಾದರೆ ಕೂಡಲೇ ತಿಳಿಸಿ. ಕೆಳಗೆ ತಗುಲಿದ್ದರ ಲೆಕ್ಕ, ಒಂದು ಅಂಕಿ. ಗುತ್ತೆವ್ವ ಗಂಡನನ್ನು ಒಮ್ಮೆ ನೋಡಿದಳು. ಸೋಮಪ್ಪ ಪ್ಲಾಸ್ಟಿಕ್ ಚೂರುಗಳನ್ನು ಆಯತೊಡಗಿದ.

ಡಾಕ್ಟರು ಅವಳನ್ನು ಕೂರಿಸಿ ಹೇಳಿದರು. ಲೈಟು ಬರುವುದು ಮಂಚದ ಅಡಿಯಿಂದ, ಬೆನ್ನಿನ ಮೂಲಕ. ಆ ಹಠಮಾರಿ ನಾಳಕ್ಕಾಗಿ ಯಂತ್ರದ ತೋಳನ್ನು ಮೂರು ತಾಸು ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲಿಸಬೇಕಾಯಿತು. ಲೈಟು ಹೊರಬೀಳುವ ಕಿಂಡಿ ಚೌಕ, ಆದ್ದರಿಂದ ಕಲೆಯೂ ಚೌಕ. ಉಜ್ಜದೆ, ಬಿಸಿಲಿಗೆ ಒಡ್ಡದೆ ಬಿಟ್ಟರೆ ಇದು ಕಂದಾಗಿ ಉಳಿದು ಮಾಯುತ್ತದೆ.

“ನೀವು ಹೇಳದ ಬಂದು ಮಲಗಿದ್ರ ಎರಡನೇದೂ ಅದ ಜಾಗಕ್ಕ ಬೀಳತಿತ್ತು. ಆವಾಗ ಬರೇ ಕೆಂಪಲ್ಲ, ವರ್ಷಗಟ್ಟಲೆ ಮಾಯದ ಹುಣ್ಣ ಆಗತಿತ್ತು. ಚೊಲೋ ಆತು ಬಂದಿದ್ದು.”

“ಅದನ್ನ ಹೇಳಾಕತ್ತೇನಿ. ಎರಡನೇ ಸಲ ಇಲ್ಲ.”

“ಎರಡನೇ ಸಲ ಆ ಚೌಕಕ್ಕಿಲ್ಲ. ನಿಮಗ ಐತಿ. ತೋಳು ತಿರುಗಿಸಿ ಎಡಗಡೆಯಿಂದ ಕೊಡತೇವಿ, ಲೈಟ್ ಆದಷ್ಟು ಕಡಿಮಿ ಮಾಡತೇವಿ. ಕಾಯೂಹಂಗಿಲ್ಲಮ್ಮ. ನಿಮ್ಮ ಉಸಿರು ಕೇಳಾಕತ್ತೈತಿ ನನಗ ಇಲ್ಲಿತನಕ.”

ಗುತ್ತೆವ್ವ ಪುಸ್ತಕ ಬಿಚ್ಚಿ ಹಾಳೆ ತಿರುವಿದಳು. ಸಂದಿಗ್ಧ ಸಣ್ಣದಲ್ಲ. ಪೆಟ್ಟಿಗೆಯ ಒಂದು ಮೂಲೆಗೆ ಮಾತ್ರ ಲೈಟು ತಗುಲಿ ಉಳಿದದ್ದಕ್ಕೆ ತಗುಲದಿದ್ದರೆ ಆ ಪೆಟ್ಟಿಗೆ ಆಯಿತೆನ್ನಬೇಕೋ ಇಲ್ಲವೆನ್ನಬೇಕೋ? ಕಾಯಿದೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಂಥ ಪೆಟ್ಟಿಗೆ ಅವಳ ಕೈಗೆ ಬಂದೇ ಇರಲಿಲ್ಲ.

“ಹಂಗಾರ ನನ್ನವು ಎರಡ ಮಾತು,” ಎಂದಳು ಕೊನೆಗೆ. “ಹಳೇ ಚೌಕದ ಸುತ್ತ ಗೆರಿ ಹಾಕಬೇಕು, ಲೈಟ್ ಅದನ್ನ ದಾಟಿ ಒಳಗ ಬರಬಾರದು. ಮತ್ತ ಈ ಸಲ ಸ್ಟಿಕ್ಕರ್ ಹಚ್ಚಬೇಕು. ನಂದ ಐತಿ, ತಂದೇನಿ.”

ಡಾಕ್ಟರಿಗೆ ಇಂಥ ರೋಗಿ ಹೊಸಬಳು. ಆದರೆ ಎರಡರಲ್ಲಿ ಒಂದೂ ಅಪಾಯದ್ದಲ್ಲ, ಮೊದಲನೆಯದು ತಾವೇ ಮಾಡಬೇಕಾದದ್ದು. ಒಪ್ಪಿದರು. ಜರೀನಾ ದಪ್ಪ ಪೆನ್ನಿನಿಂದ ಚೌಕದ ಸುತ್ತ, ಕೆಂಪಿಗೆ ತಾಗದಷ್ಟು ದೂರ ಬಿಟ್ಟು, ಗೆರೆ ಹಾಕಿದಳು. ಕೈ ರೂಢಿ ಬಿಡದೆ ಪಕ್ಕದಲ್ಲಿ ಮೇಲ್ಮುಖದ ಬಾಣವನ್ನೂ ಬರೆದಳು, ಪೆಟ್ಟಿಗೆಗೆ ಬರೆಯುವ ಹಾಗೆ.

ಮೂರನೆಯ ದಿನ ಗುತ್ತೆವ್ವ ಅದೇ ಮಂಚದ ಮೇಲಿದ್ದಳು, ಎಡ ಬೆನ್ನಿಗೆ ಹಳದಿ ಸ್ಟಿಕ್ಕರ್ ಹಚ್ಚಿಕೊಂಡು. ಬಾಣ ಕಂಡ ತೌಹೀದ, “ಅಮ್ಮಾರನ್ನ ಉಲ್ಟಾ ಮಲಗಸಬ್ಯಾಡ್ರಿ ಅಂತ ಬರದಾರ ನೋಡ್ರಿ,” ಎಂದು ನರ್ಸಿಗೆ ಹೇಳಿದ. ಈ ನಾಳ ಮೆತ್ತಗಿತ್ತು. ನಲವತ್ತು ನಿಮಿಷಕ್ಕೆ ಮುಗಿಯಿತು. ಪಕ್ಕಕ್ಕೆ ಹೊರಳಲು ಅಪ್ಪಣೆ ಸಿಕ್ಕಿದಾಗ ಗುತ್ತೆವ್ವ ಕೇಳಿದ ಮೊದಲ ಮಾತು, “ಸ್ಟಿಕ್ಕರ್ ತಗಿ.”

ತೌಹೀದ ಕಿತ್ತು ಅವಳ ಅಂಗೈಗಿಟ್ಟ. ಅರಿಶಿನದಂಥ ಹಳದಿ.

“ಲೈಟ್ ಹಚ್ಚಿಲ್ಲ ನೀವು! ಹೊಳ್ಳಿ ಬಂದ ಮಾಲು ಇದು!”

“ಹಚ್ಚೇವ್ರಿ ಅಮ್ಮಾರ, ಖರೇ. ಈ ಸ್ಟಿಕ್ಕರ್ ಕೆಂಪಾಗೂದು ಸಾವಿರಗಟ್ಟಲೆ ಗ್ರೇ ಬಿದ್ದರ. ಗ್ರೇ ಅಂದ್ರ ಲೈಟಿನ ಅಳತಿ ರಿ. ನಿಮ್ಮ ಖಾರಕ್ಕ ಹತ್ತ ಸಾವಿರದತನಕ ಕೊಡತಾರ. ನಿಮಗ ಹ್ವಾದ ಸಲ ಬಿದ್ದಿದ್ದು ಆರು. ಈ ಸಲ ಒಂದೂ ಪೂರಾ ಇಲ್ಲ.”

“ಆರಕ್ಕ ನನ್ನ ಬೆನ್ನ ಹಿಂಗಾಗೇತಿ?”

“ಹೌದ್ರಿ. ಸ್ಟಿಕ್ಕರ್ ಕೆಂಪಾಗೂವಷ್ಟ ಬಿದ್ದಿದ್ರ ನೀವು ಇರತಿರಲಿಲ್ರಿ.”

ಗುತ್ತೆವ್ವ ಸ್ಟಿಕ್ಕರನ್ನು ಬೆಳಕಿಗೆ ಹಿಡಿದು ನೋಡಿದಳು. “ಅಂದ್ರ ಇದು ಹಳದಿ ಐತಿ ಅಂದ್ರ ನಾ ಅದೇನಿ ಅಂತ ಅರ್ಥ.”

“ಹಂಗ ಅನ್ಕೋರಿ.”

“ನಾ ಅಂದ್ಕೊಂಡ್ರ ಆಗಂಗಿಲ್ಲ. ಬರದ ಕೊಡು.”

ತೌಹೀದ ಡಾಕ್ಟರ ಮುಖ ನೋಡಿದ. ಡಾಕ್ಟರು ತಲೆಯಾಡಿಸಿದರು. ಬಿಡುಗಡೆಯ ಹಾಳೆಯ ಕೆಳಗೆ, ಎರಡು ಸಲದ ಅಂಕಿಗಳ ಪಕ್ಕದಲ್ಲಿ, ‘ಸ್ಟಿಕ್ಕರ್ ಹಳದಿ, ರೋಗಿ ಇದ್ದಾರೆ’ ಎಂದು ಬರೆದು ರುಜು ಹಾಕಿದ. ಈ ಸಲ ಹಾಳೆ ಒಂದೇ. ಸೋಮಪ್ಪ ಅದನ್ನು ಎರಡು ಸಲ ಓದಿ, ಎರಡೂ ಕಡೆ ಕಾಣುವಂತೆ, ಒಂಟಿಯಾಗಿ ಪ್ಲಾಸ್ಟಿಕ್ಕಿಗೆ ಹಾಕಿದ.

ಮೂರು ವಾರ ಕಳೆದು ಗೋದಾಮಿನ ಬಚ್ಚಲಲ್ಲಿ ಜರೀನಾ ಅಂಗೈಗೆ ಮಜ್ಜಿಗೆ ಸವರಿಕೊಂಡು ಬೆನ್ನು ನೋಡಿದಳು. ಬಲಗಡೆಯ ಚೌಕ ಕಂದಾಗಿ ಅಂಚು ಮಸುಕಾಗಿತ್ತು. ಎಡಗಡೆ ಏನೂ ಇರಲಿಲ್ಲ.

“ಈ ಕಡೆ ಖಾಲಿ ಅಕ್ಕಾ.”

“ಸರಿಯಾಗಿ ನೋಡು. ಕನ್ನಡಕ ಹಾಕ್ಕೊಂಡ ನೋಡು.”

“ಹಾಕ್ಕೊಂಡೇನಿ. ನಿನ್ನ ಬಣ್ಣ ಬಿಟ್ಟರ ಬ್ಯಾರೆ ಬಣ್ಣಿಲ್ಲ.”

ಹೊರಗೆ ಲಾರಿಯ ಹಾರ್ನು ಕೇಳಿತು. ಗುತ್ತೆವ್ವ ಸೆರಗು ಕಟ್ಟಿಕೊಂಡು ಬಂದು ಗೋದಾಮಿನ ಮೂರು ಮೆಟ್ಟಿಲನ್ನು ಹತ್ತಿದಳು. ಕಂಬದ ಹತ್ತಿರ ಕೈ ರೂಢಿಯ ಮೇಲೆ ಸುರುಳಿಗೆ ಹೋಯಿತು, ಬಿಚ್ಚುವ ಅಗತ್ಯ ಬೀಳಲಿಲ್ಲ. ಮೇಲೆ ಕೂತು ಪುಸ್ತಕ ತೆರೆದಳು. ಲಾರಿಯ ಮಾಲಿಗೆ ಹಾಳೆ ಗೆರೆ ಹಾಕುವ ಮುಂಚೆ, ಹಿಂದಿನ ಪುಟದಲ್ಲಿ, ರಾಣೆಬೆನ್ನೂರಿಗೆ ಹೋಗುವಾಗ ತನ್ನ ಹೆಸರು ಬರೆದು ಅಂದಿನಿಂದ ಖಾಲಿ ಬಿಟ್ಟಿದ್ದ ಒಂದು ಶೆರಾ ಕಾಲಂ ತುಂಬಿದಳು. ತನ್ನ ಬೆನ್ನಿನಿಂದ ಕಿತ್ತ ಹಳದಿ ಸ್ಟಿಕ್ಕರನ್ನು ಅಲ್ಲಿಯೇ ಅಂಟಿಸಿ, ಪಕ್ಕದಲ್ಲಿ ತನ್ನ ದಪ್ಪಕ್ಷರದಲ್ಲಿ ಬರೆದಳು:

‘ಬಲಕ್ಕ ಕೆಂಪು, ಹಳೇದು. ಎಡಕ್ಕ ಏನೂ ಇಲ್ಲ. ಮಾಲು ನಡಿಯಾಕತ್ತೈತಿ.’